ಮೀನು ಸಿಕ್ಕಿದ್ರೆ ಊಟಕ್ಕೆ ಬರ್ತೀವಿ

ಆಂಬ್ರೋಸ್ ಫರ್ಟಾಡೊನ ಫಜೀತಿಗೆಲ್ಲ ಮೂಲ ಅವನ ಬಾಯಿ. ಆ ಬಾಯಿ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತಿತ್ತು, ತೆರೆದರೆ ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಶುಕ್ರವಾರ ಸಂಜೆ ಅಮೆರಿಕದ ಕೇಪ್ ಕಾಡ್ ಕಾಲುವೆಯ ದಂಡೆಯಲ್ಲಿ, ಎಲ್ಲರೂ ಗಾಳದ ಕೋಲುಗಳನ್ನು ಸೈಕಲ್ಲಿಗೆ ಕಟ್ಟಿ ಹೊರಡುವ ಹೊತ್ತಿಗೆ, ಅದು ತಾನಾಗಿಯೇ ತೆರೆದುಕೊಂಡುಬಿಟ್ಟಿತು.

“ನಾಳೆ ಸಂಜೆ ಎಲ್ರೂ ನಮ್ಮನೆಗೆ ಊಟಕ್ಕೆ ಬನ್ನಿ. ಮೀನು ಮಾಡ್ತೀನಿ.”

ಸೈಕಲ್ಲುಗಳೆಲ್ಲ ನಿಂತವು. ಲೂ ಬೊಟೆಲ್ಹೊ ತಿರುಗಿ ನೋಡಿದ. ನಲ್ಲಿ ರಿಪೇರಿ ಮಾಡಿಯೇ ಮುದುಕನಾದವನು ಅವನು, ಕಟ್ಟಿದ ಪೈಪು ಒಮ್ಮೆಲೇ ಬಿಟ್ಟುಕೊಂಡ ಹಾಗೆ ಮಾತಾಡುತ್ತಿದ್ದ.

“ಯಾವ ಮೀನಯ್ಯಾ? ನೀನು ಹಿಡಿದಿದ್ದಾ?”

ದಂಡೆಗೆ ದಂಡೆಯೇ ನಕ್ಕಿತು. ಕ್ಷೌರದಂಗಡಿಯ ವಿನಿ ಸ್ಕಾರ್ಪಾ ನಕ್ಕ, ಹಲ್ಲಿಲ್ಲದ ಹೈರಮ್ ತಾತನೂ ನಕ್ಕ.

“ಅಂಗಡಿ ಮೀನಿಗೆಲ್ಲ ನಾವು ಬರೋರಲ್ಲ” ಎಂದ ಲೂ. “ನಿನ್ನ ಗಾಳಕ್ಕೆ ಒಂದು ಪಟ್ಟೆಬಾಸ್ ಮೀನು ಬೀಳ್ಲಿ. ಅವತ್ತು ಕರೀದೇ ಇದ್ರೂ ಬರ್ತೀವಿ.”

“ನಾನೂ ಬರ್ತೀನಿ” ಎಂದಳು ಮೈರ್ನಾ ಕೆಟಲ್. “ಮೀನು ಸಿಕ್ಕಿದ್ರೆ ಸಿಹಿಗೆ ನಿಂಬೆಹಣ್ಣಿನ ಪೈ ನಂದು.”

ಕೆಂಪು ಮಳೆಕೋಟಿನ ಮೈರ್ನಾ ಆ ದಂಡೆಯ ಒಬ್ಬಳೇ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ಗಾಳ ಹಿಡಿದು ಬಂದವಳು, ಈಗ ಗಂಡಸರಿಗಿಂತ ಹೆಚ್ಚು ಹಿಡಿಯುತ್ತಿದ್ದಳು. ಅವಳು ‘ಬರ್ತೀನಿ’ ಅಂದದ್ದೇ ಆಂಬ್ರೋಸನ ನಿದ್ದೆ ಹಾರಿಹೋಯಿತು.

ಆಂಬ್ರೋಸ್ ಊರಿನ ಶಾಲೆಯ ಬಸ್ಸು ಓಡಿಸಿದವನು. ಜೀವಮಾನವೆಲ್ಲ ಬೆನ್ನ ಹಿಂದೆ ನಲವತ್ತು ಮಕ್ಕಳ ಗಲಾಟೆ. ನಿವೃತ್ತಿಯಾದ ವರ್ಷವೇ ಹೆಂಡತಿ ಡೆಲ್ಫಿನಾ ತೀರಿಹೋದಳು, ಮನೆಯಲ್ಲಿ ಫ್ರಿಜ್ಜು ಗುಂಯ್‌ಗುಟ್ಟುವ ಸದ್ದೊಂದೇ ಉಳಿಯಿತು. ಆ ಸದ್ದು ತಾಳಲಾರದೆ ಅವನು ಕಾಲುವೆಗೆ ಬಂದದ್ದು. ಬಂದ ಮೊದಲ ದಿನವೇ ಅವನಿಗೊಂದು ಸಂಗತಿ ಹೊಳೆಯಿತು. ಚೆನ್ನಾಗಿ ಮೀನು ಹಿಡಿಯುವವನನ್ನು ದಂಡೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಹಿಡಿಯಲು ಬಾರದವನಿಗೆ ಹೆಜ್ಜೆಗೊಬ್ಬ ಗುರು! ಅವನಿಗೆ ಬೇಕಾದದ್ದು ಅದೇ. ಮೀನು ಸಿಗದಿದ್ದರೂ ಮನೆಗೆ ಹೊಟ್ಟೆ ತುಂಬಿದವನ ಹಾಗೆ ಹೋಗುತ್ತಿದ್ದ.

ಆದರೆ ಈಗ ಮೀನೇ ಬೇಕಾಗಿತ್ತು.

ಶನಿವಾರ ಕತ್ತಲಿರುವಾಗಲೇ ಎದ್ದು ಮೇಜುಬಟ್ಟೆಗೆ ಇಸ್ತ್ರಿ ಹಾಕಿದ. ಡೆಲ್ಫಿನಾಳ ನೀಲಿ ಅಂಚಿನ ತಟ್ಟೆಗಳನ್ನು ತೊಳೆದು ಐದು ಕಡೆ ಇಟ್ಟ. ಮೈರ್ನಾಳದ್ದು ಕಿಟಕಿಯ ಪಕ್ಕ. ಒಂದು ಸಲ ದೂರ ನಿಂತು ನೋಡಿದ. ಬೇರೆ ಯಾರದೋ ಮನೆ ಅನ್ನಿಸಿತು. ಗಾಳ ಎತ್ತಿಕೊಂಡು ಸೈಕಲ್ ಹತ್ತಿದ.

ಕಾಲುವೆಯ ಬಂಡೆಗಳ ಮೇಲೆ ಆಗಲೇ ಜನ ತಂತಿಯ ಮೇಲಿನ ಕಾಗೆಗಳಂತೆ ಸಾಲಾಗಿ ನಿಂತಿದ್ದರು. ಸಮುದ್ರದ ಇಳಿತಕ್ಕೆ ಕಾಲುವೆಯ ನೀರು ಬಿರುಸಾಗಿ ಹರಿಯುತ್ತಿತ್ತು. ಆಂಬ್ರೋಸ್ ದಾರದ ತುದಿಗೆ ಹಳದಿ ಬಣ್ಣದ, ಮರದ ಸುಳ್ಳುಮೀನು ಕಟ್ಟಿದ. ನೀರಿನ ಮೇಲೆಯೇ ತೇಲುವಂಥದ್ದು. ಅದನ್ನು ಹಿಂದಕ್ಕೆ ಎಳೆದುಕೊಳ್ಳುವ ರೀತಿಯಲ್ಲೇ ಇಡೀ ವಿದ್ಯೆ ಅಡಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಯಾವ ರೀತಿ ಅನ್ನುವುದರಲ್ಲಿ ಮಾತ್ರ ಯಾರಲ್ಲೂ ಒಮ್ಮತವಿರಲಿಲ್ಲ.

“ಎಳಿ, ನಿಲ್ಸು! ಎಳಿ, ನಿಲ್ಸು!” ಲೂ ಬಲಗಡೆಯಿಂದ ಕೂಗಿದ. “ಬಕ್ ಅಂತ ನೀರು ಉಗುಳ್ಬೇಕು ಅದು!”

“ಅದಕ್ಕೆ ಬಾಯೇ ಇಲ್ಲ, ಎಲ್ಲಿಂದ ಉಗುಳತ್ತೆ ನಿನ್ನ ತಲೆ!” ವಿನಿ ಎಡಗಡೆಯಿಂದ. “ಆಂಬ್ರೋಸ್, ಅವನ ಮಾತು ಕೇಳ್ಬೇಡ. ನಾಯಿ ತಿರುಗಾಡಿಸ್ದಂಗೆ ಎಳೀಬೇಕು. ಕೋಲಿನ ತುದಿ ಟಕ್ ಟಕ್ ಅನ್ಸು. ಒಂದ್ಸಲ ಎಡಕ್ಕೆ ಮೂತಿ, ಒಂದ್ಸಲ ಬಲಕ್ಕೆ.”

“ಕೋಲಿನ ಬುಡ ತೊಡೆ ಮಧ್ಯೆ ಇಟ್ಕೊ” ಹಿಂದಿನ ಬೆಂಚಿನಿಂದ ಹೈರಮ್ ತಾತ. “ತುದಿ ನಡುಗ್ಸು. ಚಳಿಜ್ವರ ಬಂದಂಗೆ ನಡುಗ್ಸು! ನೀರು ನೊರೆ ಆಗ್ಬೇಕು. ನಮ್ಮ ಕಾಲದಲ್ಲಿ ಹಂಗೇ ಹಿಡೀತಿದ್ದಿದ್ದು.”

ಯಾರ ಮನಸ್ಸನ್ನೂ ನೋಯಿಸುವುದು ಆಂಬ್ರೋಸನಿಗೆ ಆಗದ ಕೆಲಸ. ಮೂವರ ಮಾತನ್ನೂ ಒಟ್ಟಿಗೇ ನಡೆಸಿಕೊಟ್ಟ. ಎಳೆದ, ನಿಲ್ಲಿಸಿದ, ಟಕ್ ಟಕ್ ಅನ್ನಿಸಿದ, ತೊಡೆ ಮಧ್ಯೆ ಇಟ್ಟು ನಡುಗಿಸಿದ. ಆಚೆ ದಂಡೆಯಿಂದ ನೋಡಿದವರಿಗೆ ಅವನ ಮೈಮೇಲೆ ದೇವರು ಬಂದಂತೆ ಕಂಡಿರಬೇಕು. ಮೀನು ಮಾತ್ರ ಬರಲಿಲ್ಲ.

ಹುರುಪಿನಿಂದ ಮತ್ತೊಮ್ಮೆ ಬೀಸಿದ. ಸುಳ್ಳುಮೀನು ಹಿಂದೆ ಹೋದದ್ದು ಮುಂದೆ ಬರುವಾಗ ಲೂನ ಟೋಪಿಯನ್ನೂ ಕರೆದುಕೊಂಡು ಬಂತು. ಟೋಪಿ ಕೊಕ್ಕೆಯಿಂದ ಕಳಚಿ ಕಾಲುವೆಯ ನಡುವೆ ಬಿದ್ದು, ಗಂಭೀರವಾಗಿ ತೇಲುತ್ತ ಸೇತುವೆಯ ಕಡೆ ಹೊರಟಿತು.

“ನನ್ನ ಮಗಳು ಕೊಡ್ಸಿದ ಟೋಪಿ ಕಣೋ ಅದು!”

“ತರ್ತೀನಿ, ತರ್ತೀನಿ” ಎನ್ನುತ್ತ ಆಂಬ್ರೋಸ್ ಟೋಪಿಗೆ ಗುರಿಯಿಟ್ಟು ಬೀಸಿದ. ಸೆಳೆತ ಅವನ ದಾರವನ್ನು ವಿನಿಯ ದಾರದ ಮೇಲೆ ಹಾಯಿಸಿತು, ವಿನಿಯ ದಾರವನ್ನು ಅದರಾಚೆ ನಿಂತಿದ್ದ ಇಬ್ಬರ ದಾರಗಳಿಗೆ ಸುತ್ತಿತು. ಕೊನೆಗೆ ಎಲ್ಲ ಸೇರಿ ಶ್ಯಾವಿಗೆ ಮುದ್ದೆಯಂಥದ್ದೊಂದು ದಡಕ್ಕೆ ಬಂತು. ಎಲ್ಲರೂ ತಲೆಗೆ ತಲೆ ತಾಗಿಸಿಕೊಂಡು ಬಿಡಿಸುತ್ತ ಕುಳಿತರು. ಇನ್ನೊಬ್ಬರ ಭುಜ ತನ್ನ ಭುಜಕ್ಕೆ ತಾಗಿ ಎಷ್ಟು ಕಾಲವಾಯಿತು ಎಂದು ಆಂಬ್ರೋಸ್ ಯೋಚಿಸುತ್ತಿದ್ದ. ಬಿಡಿಸಿದ್ದನ್ನೇ ಮತ್ತೆ ಗಂಟು ಹಾಕುತ್ತಿದ್ದದ್ದು ಅವನಿಗೆ ತಿಳಿಯಲಿಲ್ಲ, ವಿನಿಗೆ ತಿಳಿಯಿತು.

“ಏಳಯ್ಯಾ ನೀನು! ಆ ತುದಿಗೆ ಹೋಗು. ನಮಗೂ ಒಂದೆರಡು ಮೀನು ಬೇಡ್ವಾ?”

ಅವಸರದಲ್ಲಿ ಏಳಲು ಹೋಗಿ ಪಾಚಿಯ ಮೇಲೆ ಜಾರಿ ಸೊಂಟದವರೆಗೆ ನೀರಿಗಿಳಿದ. ಯಾರೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾದದ್ದು. ಪಿಚಪಿಚ ಶಬ್ದ ಮಾಡುವ ಬೂಟಿನಲ್ಲಿ ಸಾಲಿನ ಕೊನೆಗೆ ಹೋದ. ಅಲ್ಲಿ ಮೈರ್ನಾ ಒಬ್ಬಳೇ ನಿಂತಿದ್ದಳು.

“ನಿಂತ್ಕೊಳ್ಳಿ” ಎಂದಳು. “ನನಗೆ ಟೋಪಿ ಇಲ್ಲ.”

ಆಂಬ್ರೋಸ್ ಮೆಲ್ಲಗೆ ಬೀಸಿದ. ಈ ಸಲ ನೆಟ್ಟಗೆ ಹೋಗಿ ಬಿತ್ತು. ಮೈರ್ನಾ ಅವನಿಗೆ ಏನೂ ಹೇಳಿಕೊಡಲಿಲ್ಲ. ತನ್ನ ದಾರದ ಮೇಲೆ ಕಣ್ಣಿಟ್ಟು, ತನಗೆ ತಾನೇ ಎಂಬಂತೆ ಮಾತಾಡಿದಳು.

“ಬೆಳಗ್ಗೆ ರೇಡಿಯೋದವನು ‘ಎಲ್ರೂ ಚೆನ್ನಾಗಿದೀರಾ’ ಅಂತ ಕೇಳ್ತಾನಲ್ಲ, ನಾನು ‘ಚೆನ್ನಾಗಿದೀನಪ್ಪಾ’ ಅಂತೀನಿ. ಮೊನ್ನೆ ‘ಸ್ವಲ್ಪ ಕಾಲುನೋವು’ ಅಂತ್ಲೂ ಹೇಳ್ದೆ. ಹುಚ್ಚು ಅಲ್ವಾ?”

ಆಂಬ್ರೋಸನ ಕೈ ದಾರ ಸುತ್ತುವ ರೀಲಿನ ಮೇಲೆಯೇ ನಿಂತುಹೋಯಿತು. ಅದೇ ರೇಡಿಯೋದವನಿಗೆ ಅವನೂ ಉತ್ತರ ಕೊಡುತ್ತಿದ್ದ. ನಿನ್ನೆ ಅವನ ಜೊತೆ ಜಗಳವನ್ನೂ ಆಡಿದ್ದ. ಹಳದಿ ಸುಳ್ಳುಮೀನು ದೂರದಲ್ಲಿ, ಒಣಗಿ ಬಿದ್ದ ಎಲೆಯ ಹಾಗೆ, ನೀರಿನ ಮೇಲೆ ಅಲ್ಲಾಡದೆ ತೇಲುತ್ತಿತ್ತು.

“ಇಲ್ಲ, ನಾನೂ...” ಎಂದು ಬಾಯಿ ತೆರೆದ.

ನೀರು ಸ್ಫೋಟಿಸಿತು. ಯಾರೋ ಮೇಲಿನಿಂದ ಒನಕೆ ಎಸೆದ ಹಾಗೆ ಸದ್ದು.

“ಈಗ್ಲೇ ಕೀಳ್ಬೇಡಿ!” ಮೈರ್ನಾ ಕಿರುಚಿದಳು. “ಭಾರ ಕೈಗೆ ಗೊತ್ತಾಗ್ಲಿ! ಹಾಂ, ಈಗ!”

ಕೋಲು ಬಾಗಿತು. ರೀಲು ಕಿರ್ರನೆ ಅರಚಿತು. ಮೀನು ಸೆಳೆತದ ಜೊತೆ ಓಡಿತು, ಅದರ ಹಿಂದೆ ಬಂಡೆಯಿಂದ ಬಂಡೆಗೆ ಆಂಬ್ರೋಸ್. “ದಾರ ಎತ್ರೋ! ಆಂಬ್ರೋಸಂಗೆ ಮೀನು!” ಎಂಬ ಕೂಗು ಸಾಲಿನುದ್ದಕ್ಕೂ ಅವನಿಗಿಂತ ಮುಂದೆ ಓಡಿತು. ಒಬ್ಬೊಬ್ಬರಾಗಿ ಕೋಲು ಎತ್ತಿ ದಾರಿ ಬಿಟ್ಟರು, ಸಲಹೆಗಳನ್ನೂ ಜೊತೆಗೇ ಕೊಟ್ಟರು. ಕೊನೆಗೆ ಲೂ ನೀರಿಗಿಳಿದು ದವಡೆಗೆ ಕೈಹಾಕಿ ಎತ್ತಿದ. ಬೆಳ್ಳಿ ಮೈ, ಉದ್ದಕ್ಕೂ ಕಪ್ಪು ಗೆರೆ.

ಗೊತ್ತುಮಾಡಿದ ಅಳತೆಗಿಂತ ಚಿಕ್ಕದಾದರೂ ದೊಡ್ಡದಾದರೂ ವಾಪಸ್ ಬಿಡಬೇಕು, ಅದು ಕಾನೂನು. ವಿನಿ ಅಳತೆಪಟ್ಟಿ ಹಿಡಿದ. ಆಂಬ್ರೋಸ್ ಕಣ್ಣು ಮುಚ್ಚಿಕೊಂಡ.

“ಸರಿಯಾಗಿದೆ!” ಎಂದ ವಿನಿ. “ಮನೆಗೆ ತಗೊಂಡು ಹೋಗು!”

ಬೆನ್ನ ಮೇಲೆ ಧಪಧಪ ಏಟು ಬಿದ್ದವು. ಅಷ್ಟು ಹಿತವಾದ ಏಟನ್ನು ಆಂಬ್ರೋಸ್ ತಿಂದಿರಲಿಲ್ಲ.

“ಬಕ್ ಅನ್ನಿಸ್ದ, ನಾನೇ ನೋಡ್ದೆ” ಎಂದ ಲೂ.

“ನಾಯಿ ತಿರುಗಾಡಿಸ್ದ, ನಾನು ಹೇಳ್ಕೊಟ್ಟಿದ್ದು” ಎಂದ ವಿನಿ.

“ಮೀನು ನಡುಕಕ್ಕೇ ಬಂದಿದ್ದು” ಎಂದ ತಾತ.

ಜಗಳ ಬಿಡಿಸುವ ಗೋಜಿಗೆ ಹೋಗದೆ ಆಂಬ್ರೋಸ್ ಹೇಳಿದ್ದು ಒಂದೇ ಮಾತು: “ಏಳು ಗಂಟೆಗೆ ಬನ್ನಿ.” ಮೈರ್ನಾ ಕೈ ಎತ್ತಿ, “ಪೈ ನೆನಪಿದೆ!” ಎಂದಳು.

ಮನೆಗೆ ಬಂದು ಮೀನು ಹೆಚ್ಚಿದ. ಡೆಲ್ಫಿನಾ ಮಾಡುತ್ತಿದ್ದ ಹಾಗೆ ಆಲೂಗಡ್ಡೆ, ಈರುಳ್ಳಿ, ಟೊಮೇಟೊ ಹರಡಿ, ಮೇಲೆ ನಾಲ್ಕು ಚೂರು ಲಿಂಗ್ವೀಸಾ ಎಂಬ ಪೋರ್ಚುಗೀಸ್ ಸಾಸೇಜು ಇಟ್ಟು, ಆಲಿವ್ ಎಣ್ಣೆ ಸುರಿದು ಓವನ್ನಿನೊಳಗೆ ತಳ್ಳಿದ. ಸ್ನಾನ ಮಾಡಿದ. ಮದುವೆಗಳಿಗೆ ಮಾತ್ರ ಹಾಕುವ ಅಂಗಿ ಹಾಕಿದ. ಮೈರ್ನಾಳಿಗೆ ಹೇಳಬೇಕಾದ ರೇಡಿಯೋದವನ ಸಮಾಚಾರವನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡ.

ಏಳಾಯಿತು. ಜೂನ್ ತಿಂಗಳ ಬಿಸಿಲು ಇನ್ನೂ ಹುಲ್ಲಿನ ಮೇಲಿತ್ತು. ಏಳೂವರೆಯಾಯಿತು. ಬಾಗಿಲಿಗೆ ಬಂದು ನೋಡಿದರೆ ರಸ್ತೆಯ ತುಂಬ ಸೈಕಲ್ಲುಗಳು, ಎಲ್ಲವೂ ಕಾಲುವೆಯ ಕಡೆ ಹೋಗುತ್ತಿವೆ, ಈ ಕಡೆ ಒಂದೂ ಬರುತ್ತಿಲ್ಲ. ಲೂಗೆ ಫೋನು ಮಾಡಿದ.

“ಆಂಬ್ರೋಸ್! ನಿನ್ನ ಮೀನು ಒಂಟಿಯಾಗಿ ಬಂದಿರ್ಲಿಲ್ಲ ಮಾರಾಯಾ, ಅದರ ಇಡೀ ಬಳಗ ಬಂದಿದೆ! ಕಾಲುವೆ ಕುದೀತಿದೆ! ಹತ್ತು ವರ್ಷದಲ್ಲಿ ಹಿಂಗೆ ನೋಡಿಲ್ಲ!”

“ಊಟಕ್ಕೆ...”

“ಯಾವ ಊಟ? ಏಯ್ ವಿನಿ, ದಾರ ಎತ್ತೋ!” ಫೋನು ಕಟ್ಟಾಯಿತು.

ತಾನೂ ಹೋಗಿಬಿಡಲೇ ಎಂದುಕೊಂಡ. ಆದರೆ ಅಷ್ಟರಲ್ಲಿ ಯಾರಾದರೂ ಬಂದು ಬೀಗ ನೋಡಿ ತಿರುಗಿ ಹೋದರೆ? ಓವನ್ ಸಣ್ಣಗೆ ಮಾಡಿ ಕುರ್ಚಿಯಲ್ಲಿ ಕೂತ. ಫ್ರಿಜ್ಜು ಗುಂಯ್ ಎಂದಿತು.

ಆಗ ಬಾಗಿಲಿನ ಗಂಟೆ ಸದ್ದು ಮಾಡಿತು. ಆಂಬ್ರೋಸ್ ಹಾರಿಬಿದ್ದು ಓಡಿದ. ಕೆಂಪು ಮಳೆಕೋಟು! ಮೈರ್ನಾ!

“ಬನ್ನಿ, ಬನ್ನಿ! ಎಲ್ಲ ಬಿಸಿಯಾಗಿದೆ!”

“ಒಳಗೆ ಬರಲ್ಲ ಆಂಬ್ರೋಸ್, ಕಾಲೆಲ್ಲ ಕೆಸರು.” ಅವಳ ಕೈಯಲ್ಲಿ ಪೈ ಇರಲಿಲ್ಲ. “ಎಲ್ಲರಿಗೂ ಬೀಳ್ತಿದೆ, ನನ್ನ ಸುಳ್ಳುಮೀನನ್ನ ಮಾತ್ರ ಬೆನ್ನಟ್ಟಿ ಬಂದು ತಿರುಗಿ ಹೋಗ್ತಿವೆ. ಆ ಹಳದಿ ಸುಳ್ಳುಮೀನು ಒಂಚೂರು ಕೊಡ್ತೀರಾ?”

ಅವನು ಗಾಳದಿಂದ ಬಿಚ್ಚಿ ತಂದುಕೊಟ್ಟ.

“ಇನ್ನೊಂದು” ಅವಳು ದನಿ ತಗ್ಗಿಸಿದಳು. “ಬೆಳಗ್ಗೆ ಅದನ್ನ ಹೇಗೆ ಎಳೆದ್ರಿ? ನಿಜ ಹೇಳಿ.”

ಆಂಬ್ರೋಸ್ ನಿಜವನ್ನೇ ಹೇಳಿದ. “ಎಳೀಲೇ ಇಲ್ಲ. ನೀವು ಮಾತಾಡ್ತಿದ್ರಿ. ಕೇಳ್ತಾ ಕೇಳ್ತಾ ಕೈ ಆಡಿಸೋದೇ ಮರೆತುಹೋಯ್ತು.”

ಮೈರ್ನಾ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಮುಖ ಬಿಗಿಯಿತು.

“ಹೇಳೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ, ಕತೆ ಕಟ್ಬೇಡಿ. ಲೂ ಅಂದಿದ್ದು ಸರಿ. ‘ಇಷ್ಟು ವರ್ಷ ಏನೂ ಗೊತ್ತಿಲ್ದೋನ ಹಾಗೆ ನಾಟಕ ಆಡಿ, ಗುಟ್ಟು ತನ್ನಲ್ಲೇ ಇಟ್ಕೊಂಡಿದ್ದ. ಇನ್ಮೇಲೆ ಅವನಿಗೆ ಯಾರೂ ಏನೂ ಹೇಳ್ಕೊಡ್ಬೇಡಿ’ ಅಂತ ಎಲ್ಲರ ಹತ್ರಾನೂ ಮಾತು ತಗೊಂಡಿದಾನೆ.”

“ಅಯ್ಯೋ, ಇಲ್ಲ ಮೈರ್ನಾ...”

“ನಾಳೆ ವಾಪಸ್ ಕೊಡ್ತೀನಿ” ಎಂದು ಸುಳ್ಳುಮೀನನ್ನು ಜೇಬಿಗೆ ಹಾಕಿಕೊಂಡು ಅವಳು ಸೈಕಲ್ ಹತ್ತಿದಳು.

ಕೆಂಪು ಕೋಟು ತಿರುವಿನಲ್ಲಿ ಮರೆಯಾಗುವವರೆಗೆ ಆಂಬ್ರೋಸ್ ಬಾಗಿಲಲ್ಲಿ ನಿಂತಿದ್ದ. ಆಮೇಲೆ ಒಳಗೆ ಬಂದು, ಕಿಟಕಿಯ ಪಕ್ಕದ ತಟ್ಟೆಗೇ ಬಡಿಸಿಕೊಂಡು ಕೂತ. ಮೀನು ಹದವಾಗಿ ಬೆಂದಿತ್ತು. ಏನೋ ಒಂದು ಕಡಿಮೆಯಾಗಿದೆ ಅನ್ನಿಸಿತು. ಉಪ್ಪೋ, ಹುಳಿಯೋ? ಹೇಳಿಕೊಡುವವರು ಯಾರೂ ಇರಲಿಲ್ಲ.