ನಾಕಾಳು ಆಳದ ಸೊಸೈಟಿ

ಹೊಳೆಗದ್ದೆ, ಬ್ಯಾಕೋಡು ಬದಿ, ಸಾಗರ ತಾಲ್ಲೂಕು
ನವೆಂಬರ್ 1967

ದೇಶದ ಹಣಕಾಸು ಸಂಸ್ಥೆಗಳು ವರ್ಷದಿಂದ ವರ್ಷಕ್ಕೆ ಎಷ್ಟೆಷ್ಟು ಬೆಳೆದವು ಎಂದು ಅಳೆಯುವ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಸಮಿತಿಯೂ, ಸಮಿತಿಯ ಜೀಪೂ ಕ್ಷೇಮವೆಂದು ನಂಬಿ, ಹೊಳೆಗದ್ದೆ ಸಹಕಾರ ಸಂಘದ, ಅಂದರೆ ಊರವರ ಬಾಯಲ್ಲಿ ಸೊಸೈಟಿಯ, ಏಕೈಕ ಕಾರ್ಯದರ್ಶಿ ಜಟ್ಟಿಂಗಪ್ಪನೆಂಬ ನಾನು ಬಗ್ಗಿ ಮಾಡುವ ನಮಸ್ಕಾರಗಳು. ತಮ್ಮ ವರದಿ ಕೈಸೇರಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಎಲ್ಲರಿಗಿಂತ ವೇಗವಾಗಿ ಅಭಿವೃದ್ಧಿ ಹೊಂದಿದ ಸಂಸ್ಥೆ ನಮ್ಮದೇ ಎಂದು ಓದಿ ನನಗೆ ಕಣ್ಣು ಕತ್ತಲೆ ಬಂತು. ಏಕೆಂದರೆ ನಮ್ಮ ಸೊಸೈಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಮೂರು ವರ್ಷವಾಯಿತು.

ಇದರಲ್ಲಿ ತಮ್ಮ ಅಳತೆಯ ಅಧಿಕಾರಿಗಳ ತಪ್ಪು ಎಳ್ಳಷ್ಟೂ ಇಲ್ಲ. ಅವರು ಬಂದದ್ದು ಸುರಿಯುವ ಮಳೆಯಲ್ಲಿ. ರಕ್ತ ಹೀರುವ ಉಂಬಳ ಹತ್ತೀತೆಂದು ಎರಡೂ ಕಾಲನ್ನು ಜೀಪಿನ ಸೀಟಿನ ಮೇಲೆ ಮಡಚಿಟ್ಟುಕೊಂಡು, ಆ ಯೋಗಾಸನದಲ್ಲಿಯೇ ಕರ್ತವ್ಯ ನಿರ್ವಹಿಸುತ್ತ, ದಡದಲ್ಲಿದ್ದ ದೋಣಿಯ ಹೂವಪ್ಪನನ್ನು ಕರೆದು, ನಿಮ್ಮ ಸೊಸೈಟಿಯಲ್ಲಿ ಯಾವ ವರ್ಷ ಎಷ್ಟೆಷ್ಟಿತ್ತು ಎಂದು ಕೇಳಿದರು. ಸೊಸೈಟಿಯೊಳಗೆ ಹೆಚ್ಚುತ್ತಿರುವುದು ಒಂದೇ ಒಂದು ಪದಾರ್ಥವೆಂದು ಹೂವಪ್ಪ ಬಲ್ಲ. ನಮ್ಮ ಕಡೆ ನೀರನ್ನು ಅಳೆಯುವುದು ಆಳಿನ ಲೆಕ್ಕದಲ್ಲಿ. ನಿಂತ ಮನುಷ್ಯ ಮುಳುಗುವಷ್ಟಿದ್ದರೆ ಒಂದಾಳು. ಹಾಗಾಗಿ ಅವನು ಸತ್ಯವನ್ನೇ ನುಡಿದ.

“ಮೊದಲ್ನೇ ವರ್ಷ ಅರ್ಧಾಳು ಇತ್ತು ಸ್ವಾಮಿ. ಮರುವರ್ಷ ಎರಡಾಳು. ಈಗ ನಾಕಾಳು. ಮಳೆ ಹಿಂಗೇ ಹಿಡಿದ್ರೆ ಆರಾಳು ಆಗ್ತದೆ.”

ಅಧಿಕಾರಿಗಳು ಅದನ್ನು ನೌಕರರ ಸಂಖ್ಯೆಯೆಂದು ಬರೆದುಕೊಂಡರು. ಮೊದಲ ವರ್ಷದ ಅರ್ಧಾಳು ತಮ್ಮ ವರದಿಯಲ್ಲಿ ‘ಅರೆಕಾಲಿಕ ಸಿಬ್ಬಂದಿ’ ಆಗಿದ್ದಾನೆ. ಇತರರು ಬೆಚ್ಚಗೆ ಮನೆಯಲ್ಲಿ ಕೂರುವ ಮಳೆಗಾಲದಲ್ಲಿ ನಾವು ನೌಕರರನ್ನು ಹೆಚ್ಚಿಸುತ್ತೇವೆಂದು ತಾವು ಮೆಚ್ಚಿ ಬರೆದಿದ್ದೀರಿ. ನಮ್ಮ ಪ್ರಗತಿ ತೋರಿಸಲು ಹಾಕಿದ ಏರುಗೆರೆಯಂತೂ ಎಷ್ಟು ನಿಖರವಾಗಿದೆಯೆಂದರೆ, ಅಣೆಕಟ್ಟಿನ ಎಂಜಿನಿಯರರು ಕಂಡರೆ ತಮ್ಮದೇ ಎಂದು ಕಿತ್ತುಕೊಂಡು ಹೋದಾರು. ಹೊಸನಗರದ ಕಡೆಯ ಒಂದು ಸೊಸೈಟಿ ಒಣ ನೆಲದಲ್ಲಿ, ಒಬ್ಬನೇ ಗುಮಾಸ್ತನನ್ನು ಇಟ್ಟುಕೊಂಡು, ಹೆಂಚೂ ಸೋರದ ಹಾಗೆ ನಡೆಯುತ್ತಿದೆಯಂತೆ. ಅದಕ್ಕೆ ಕೊನೆಯ ಸ್ಥಾನ ಕೊಟ್ಟಿದ್ದೀರಿ. ಪಾಪ, ಒದ್ದೆಯಾಗುವ ಯೋಗ ಅವರಿಗಿರಲಿಲ್ಲ.

ನಮ್ಮ ನಾಲ್ವರಲ್ಲಿ ಇಬ್ಬರನ್ನು ತೀರ್ಥಹಳ್ಳಿಗೆ ವರ್ಗ ಮಾಡಿದ ಆದೇಶವೂ ತಲುಪಿದೆ. ಪಾಲಿಸಲು ಸಿದ್ಧರಿದ್ದೇವೆ. ದಯಮಾಡಿ ಪೀಪಾಯಿಗಳನ್ನೂ ಒಂದು ಲಾರಿಯನ್ನೂ ಕಳುಹಿಸಿಕೊಡಿ. ದಾರಿಯಲ್ಲಿ ತುಳುಕಿ ಕಡಿಮೆಯಾದ ನೌಕರರಿಗೆ ನಾನು ಜವಾಬ್ದಾರನಲ್ಲ.

ಇಲ್ಲಿಯವರೆಗಿನದನ್ನು ನಗುತ್ತಲೇ ಬರೆದೆ. ನನಗೆ ಸಿಟ್ಟು ಬಂದಿರುವುದು ವರದಿಯ ಕಡೆಯ ಸಾಲಿಗೆ. ಮೂಲ ಕಟ್ಟಡದಲ್ಲಿರುವ ನಾಲ್ವರ ಹೊರತು ಬೇರಾರೂ ಊರವರಿಂದ ಠೇವಣಿ ಸ್ವೀಕರಿಸಕೂಡದು ಎಂದಿದ್ದೀರಿ. ನೀರು ಬಂದ ದಿನ ಸೊಸೈಟಿಯ ಮೇಜನ್ನೂ ಮೊಹರನ್ನೂ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿಸಿ, ಅಲ್ಲಿಯೇ ಸೊಸೈಟಿ ನಡೆಸುತ್ತಿರುವ ನಾನು, ತಮ್ಮ ಭಾಷೆಯಲ್ಲಿ, ‘ಹಲಸಿನ ಮರದಡಿ ಕೂತಿರುವ ಅನಧಿಕೃತ ವ್ಯಕ್ತಿ’. ಆಯಿತು, ಕೂತಿರುತ್ತೇನೆ. ಆದರೆ ನಮ್ಮೂರ ಗುತ್ಯಮ್ಮ ಏನು ಮಾಡಬೇಕು? ಮುಳುಗಿದ ಗದ್ದೆಗೆ ಬಂದ ಪರಿಹಾರದ ನೋಟುಗಳನ್ನು ಅವಳು ಬಿದಿರಿನ ಅಂಡೆಯಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದಾಳೆ, ಅಂಡೆಗೆ ಗೆದ್ದಲು ಹತ್ತಿದೆ. ಆನಂದಪುರದ ಹತ್ತಿರ ಅವಳು ಒಂದು ತುಂಡು ಗದ್ದೆ ನೋಡಿಟ್ಟಿದ್ದಾಳೆ, ಮಾರುವವರು ಯುಗಾದಿಯವರೆಗೆ ಕಾಯುತ್ತಾರೆ. ಅಲ್ಲಿಯವರೆಗೆ ನೋಟು ಉಳಿದರೆ ಅವಳಿಗೆ ಸ್ವಂತ ಗದ್ದೆ. ಉಳಿಯದಿದ್ದರೆ ಕಂಡವರ ಗದ್ದೆಯಲ್ಲಿ ನಾಟಿಯ ಕೂಲಿ. ದಿನಾ ಬಂದು, ಮೂಲೆ ಹರಿದ ನೋಟು ತೋರಿಸಿ, ತಗೋ ಎನ್ನುತ್ತಾಳೆ. ನಾನು ದಿನಾ ತಮ್ಮ ಆದೇಶ ಓದಿ ಹೇಳುತ್ತೇನೆ. ಹೀಗೆ ಹೇಳಲು ನನಗೆ ನಾಚಿಕೆಯಾಗುತ್ತದೆ ಮಾನ್ಯರೇ.

ಆದ್ದರಿಂದ ಸವಿನಯ ಪ್ರಾರ್ಥನೆ: ನನ್ನನ್ನೂ ಹಲಸಿನ ಮರವನ್ನೂ ಅಧಿಕೃತಗೊಳಿಸಿ. ಅದು ನಿಯಮಕ್ಕೆ ವಿರುದ್ಧವಾದರೆ, ಸೋಮವಾರಗಳಂದು ಹತ್ತರಿಂದ ಐದರವರೆಗೆ ಸ್ವಲ್ಪ ಪಕ್ಕಕ್ಕೆ ಸರಿದಿರುವಂತೆ ಶರಾವತಿ ಹೊಳೆಗೆ ತಾವೇ ಒಂದು ಸುತ್ತೋಲೆ ಹೊರಡಿಸಿ. ಅದೂ ಆಗದಿದ್ದರೆ ಆ ನಾಲ್ವರಿಗೆ ನೆನೆಯದ ರಸೀದಿ ಪುಸ್ತಕವನ್ನೂ ಮೀನು ಕಚ್ಚದ ಪಂಚೆಗಳನ್ನೂ ಮಂಜೂರು ಮಾಡಿ.

ತಮ್ಮ ವಿಶ್ವಾಸಿ,
ನೀರಿನಿಂದ ಹೊರಗುಳಿದ ಒಂದೇ ಆಳು,
ಜಟ್ಟಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗುತ್ಯಮ್ಮನೇ ಬಂದಳು. ನೋಟುಗಳನ್ನು ಹಿತ್ತಾಳೆ ತಂಬಿಗೆಗೆ ತುಂಬಿ, ಬಾಯಿಗೆ ಮೇಣ ಮೆತ್ತಿ, ಕಲ್ಲು ಕಟ್ಟಿ, ಹೂವಪ್ಪನ ದೋಣಿಯಲ್ಲಿ ಹೋಗಿ ಸರಿಯಾಗಿ ಸೊಸೈಟಿಯ ಮೇಲೆಯೇ ಇಳಿಬಿಟ್ಟು ಬಂದಿದ್ದಾಳೆ. ಗುರುತಿಗೆ ಹಗ್ಗದ ತುದಿಯಲ್ಲಿ ಒಣ ಸೋರೆಬುರುಡೆ ತೇಲುತ್ತಿದೆ. ನಾನು ಬೈದದ್ದಕ್ಕೆ ಅವಳೆಂದಳು: “ಅಲ್ಲಿ ನಾಕಾಳು ಇದಾರೆ ಅಂತ ಸರ್ಕಾರನೇ ಬರ್ದು ಕೊಟ್ಟೈತಲ್ಲ ಜಟ್ಟಿಂಗಣ್ಣ. ಆಳಿನ ಮೇಲೆ ನಂಬಿಕೆ ಇಲ್ದಿದ್ರೂ ನೀರಿನ ಮೇಲೆ ಐತೆ. ಅಲ್ಲಿಗೆ ಗೆದ್ಲು ಬರಲ್ಲ.” ಈಗ ರಸೀದಿಗಾಗಿ ದಡದಲ್ಲಿ ಕೂತಿದ್ದಾಳೆ, ಎಬ್ಬಿಸಿದರೂ ಏಳುತ್ತಿಲ್ಲ. ತಮ್ಮ ನಾಲ್ವರೂ ಮೇಲೆ ಬರದೆ ಹಟ ಹಿಡಿದಿರುವುದರಿಂದ, ತಾವೇ ಖುದ್ದಾಗಿ ಕೆಳಗಿಳಿದು ಅವರಿಂದ ಸಹಿ ಹಾಕಿಸಿ ತರಬೇಕು. ಆ ನೀರಿನಲ್ಲಿ ಉಂಬಳವಿಲ್ಲ.