ನೆರೆಗೆ ನೆರವು

ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಬೇಕು ಎನ್ನುವುದು ನನ್ನ ಜೀವನದ ಪರಮೋಚ್ಚ ಗುರಿ. ಅದಕ್ಕಿದ್ದ ಏಕೈಕ ವಿಘ್ನ ನಮ್ಮತ್ತೆ ಪಟಾಲಮ್ಮನವರು. ಜೋಗುಪಾಳ್ಯದಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಒಂದು ಕಾಲಕ್ಕೆ ಹೊಲದ ತುಂಬ ಸೊಪ್ಪು ಬೆಳೆದವರು. ಈಗ ಹೊಲವಿಲ್ಲ, ಹಾಗಾಗಿ ನನ್ನನ್ನೇ ಉಳುತ್ತಿದ್ದರು. ನಾನು ದಿಂಬಿಗೆ ತಲೆ ಕೊಟ್ಟರೆ ಸಾಕು, "ಯಮುನಾ, ರಾಗಿ ಬಿಸಿಲಿಗೆ ಹಾಕಿದ್ಯಾ?" ಹಾಕಿದ್ದೇನೆ ಎಂದು ಮಗ್ಗುಲಾದರೆ, "ತೆಗೆದ್ಯಾ?"

ಹೀಗಿರುವಾಗ ನಮ್ಮ ಬೀದಿಯ ಸಂಘದ ಕಾರ್ಯದರ್ಶಿ ಗಗನಾ ಮನೆಗೆ ಬಂದಳು. ಕಷ್ಟದಲ್ಲಿರುವ ಮನೆಗಳಿಗೆ ಸಹಾಯ ಮಾಡಲು 'ನೆರೆಗೆ ನೆರವು' ಎಂಬ ಗುಂಪು ಕಟ್ಟುತ್ತಾರಂತೆ, ಹಿರಿಯರು ಬೇಕಂತೆ. (ನೆರೆ ಎಂದೊಡನೆ ನಮ್ಮೆಜಮಾನರು ಎಲ್ಲೋ ಪ್ರವಾಹ ಬಂದಿದೆ ಎಂದುಕೊಂಡು ಹಳೇ ಕಂಬಳಿ ಹುಡುಕತೊಡಗಿದರು.) ನಾನು ತಡಮಾಡದೆ ಅತ್ತೆಯ ಕೈ ಹಿಡಿದು ತಂದು ನಿಲ್ಲಿಸಿದೆ.

"ಅಜ್ಜಿ, ನೀವೇನೂ ಮಾಡೋದ್ ಬೇಡ. ಫಂಕ್ಷನ್ ದಿನ ಸ್ಟೇಜ್ ಮೇಲೆ ಕೂತ್ರೆ ಸಾಕು, ಶಾಲು ಹೊದಿಸ್ತೀವಿ," ಎಂದಳು ಗಗನಾ.

"ಈ ಸೆಕೇಲಿ ಶಾಲು ಯಾಕಮ್ಮ? ಕೆಲ್ಸ ಇದ್ರೆ ಹೇಳು. ಇಲ್ದಿದ್ರೆ ನಾನು ಒಳಗ್ ಹೋಗ್ತೀನಿ."

ಅವರು ಒಳಗೆ ಹೋದರೆ ನನ್ನ ನಿದ್ದೆಯೂ ಹೋದಂತೆಯೇ. "ಕೆಲ್ಸಾನೇ ಕೊಡಿ ಗಗನಾ," ಎಂದೆ. "ಚೆನ್ನಾಗಿ ಕೊಡಿ."

ಸಭೆಯ ದಿನ ಅತ್ತೆ ವೇದಿಕೆ ಹತ್ತಲಿಲ್ಲ. ಹಿಂದೆ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಜಹನಾರಾ ಬೀ, ಗಡಿಯಾರದ ಅಂಗಡಿ ಮುಚ್ಚಿ ಮನೆಯಲ್ಲಿದ್ದ ಇನಾಯತ್ ಉಲ್ಲಾ ಸಾಹೇಬರು, ಇವರಿಬ್ಬರನ್ನು ಪಕ್ಕಕ್ಕೆ ಕರೆದು ಕೆಲಸ ಹಂಚಿಯೇಬಿಟ್ಟರು. ಶಾಲುಗಳು ಗಗನಾಳ ಸ್ಕೂಟರಿನಲ್ಲೇ ವಾಪಸ್ಸಾದವು.

ಮೊದಲು ಹೋದದ್ದು ಎದುರು ಕಟ್ಟಡದ ದಿವ್ಯಳ ಮನೆಗೆ. ಕೈಯಲ್ಲಿ ಹಸಿಗೂಸು, ಅವಳಿಗೋ ತಾಯಿ ಇಲ್ಲ, ಗಂಡನಿಗೆ ರಜೆ ಮುಗಿದಿತ್ತು. ಬಾಗಿಲನ್ನು ಅರ್ಧ ತೆರೆದು, "ಏನೂ ಬೇಡ, ನಾನ್ ಮ್ಯಾನೇಜ್ ಮಾಡ್ತಿದೀನಿ," ಎಂದಳಂತೆ.

"ಮಾಡ್ಕೊ ತಾಯಿ. ಸಾರು ಆರೋಗ್ತದೆ, ಅಷ್ಟೇ," ಎಂದು ಅತ್ತೆ ಮೆಟ್ಟಿಲ ಮೇಲೆ ಕೂತರಂತೆ. ಕೊನೆಗೆ ಬಾಗಿಲು ಪೂರ್ತಿ ತೆರೆಯಿತು. ಜಹನಾರಾ ಬೀ ಮಗುವಿಗೆ ನೀರು ಹಾಕಿದರು. ದಿವ್ಯ ನಿಂತಲ್ಲೇ ಸಾರು ಅನ್ನ ಉಂಡು, ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಳಂತೆ. ಕೇಳಿ ನನಗೂ ಕಣ್ಣು ತುಂಬಿತು. (ಅರ್ಧ ಕನಿಕರಕ್ಕೆ, ಅರ್ಧ ಮನೆ ಖಾಲಿಯಾದ ಸಂತೋಷಕ್ಕೆ.)

ಅತ್ತೆ ತಿಂಡಿ ತಿಂದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಾನು ಸ್ವತಂತ್ರ ಭಾರತದ ಪ್ರಜೆಯಾಗಿ ಮಲಗಿದೆ. ಮಲಗುತ್ತಲೇ ಇದ್ದೆ.

ಒಂದು ಮಧ್ಯಾಹ್ನ ಆಗ ತಾನೇ ಜೊಂಪು ಹತ್ತಿತ್ತು, ಬಾಗಿಲ ಬೆಲ್ ಆಯಿತು. ಜಹನಾರಾ ಬೀ.

"ಪಟಾಲಮ್ಮ ಕಳ್ಸಿದ್ರು ಬೇಟಿ. ದಿನಾ ಒಬ್ಳೇ ಇರ್ತೀಯಂತೆ, ಊಟ ಆದ್ಮೇಲೆ ಕತ್ಲೆ ಮಾಡ್ಕೊಂಡು ಬಿದ್ಕೊಂಡಿರ್ತೀಯಂತೆ. ದಿಲ್‌ಗೆ ಒಳ್ಳೇದಲ್ಲ," ಎಂದು ಒಳಗೆ ಬಂದು ಪರದೆಗಳನ್ನೆಲ್ಲ ಸರಿಸಿದರು. ಮರುದಿನ ಇನಾಯತ್ ಸಾಹೇಬರು ಬಂದು, ನನ್ನ ಮನಸ್ಸು ಹಗುರಾಗಲೆಂದು ಗೋಡೆ ಗಡಿಯಾರವನ್ನು ಬಿಚ್ಚಿ, ಒಂದೊಂದೇ ಹಲ್ಲುಚಕ್ರವನ್ನು ಪರಿಚಯ ಮಾಡಿಕೊಟ್ಟರು.

ಸಂಜೆ ಅತ್ತೆಯ ಮುಂದೆ ನಿಂತೆ. "ಅತ್ತೆ, ನಂಗೆ ಒಂಟಿತನ ಇಲ್ಲ. ನಿದ್ದೆ ಬರುತ್ತೆ, ಅಷ್ಟೇ."

"ದಿವ್ಯನೂ ಮೊದ್ಲು ಬೇಡ ಅಂದ್ಲು."

"ರೀ, ನೀವಾದ್ರೂ ಹೇಳಿ."

ನಮ್ಮೆಜಮಾನರು ಪತ್ರಿಕೆಯ ಹಿಂದಿನಿಂದ, "ಪಾಪ, ಇಷ್ಟು ದಿನ ನಂಗೂ ಹೇಳ್ಲಿಲ್ವಲ್ಲ ನೀನು," ಎಂದರು.

ನಾನೂ ಹಟ ಹಿಡಿದೆ. ನೆರವಿನಿಂದ ತಪ್ಪಿಸಿಕೊಳ್ಳಲು ನೆರವು ಕೊಡುವವರ ಕಡೆ ಸೇರುವುದೊಂದೇ ದಾರಿ. "ಸರಿ, ನನ್ನನ್ನೂ ಗುಂಪಿಗೆ ಸೇರಿಸ್ಕೊಳ್ಳಿ. ನಾಳೆಯಿಂದ ನಾನೂ ಬರ್ತೀನಿ."

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅಷ್ಟು ಕರುಣೆಯಿಂದ ಅವರು ಎಂದೂ ನೋಡಿರಲಿಲ್ಲ.

"ಆಗಲ್ವಲ್ಲಮ್ಮ. ಅರವತ್ತಾಗಿರ್ಬೇಕು," ಎಂದರು. "ಅಲ್ಲೀವರ್ಗೂ ನಿನ್ನ ನಾವು ನೋಡ್ಕೊತೀವಿ."

ನನಗೀಗ ನಲವತ್ತೊಂದು.