ಇಸೊಬೆಯವರ ಬೆರಳು, ಗೊಮಾನ ಕಣ್ಣು

“ಭಾನುವಾರ ಸುನಾಮಿ ಕವಾಯತಿನ ಸೈರನ್ ಕೂಗ್ಲಿ, ಗೋಪುರದ ತುದಿಗೆ ಮೊದಲು ಕಾಲಿಡೋನು ನಾನು! ಎರಡನೇದು ನನ್ನ ನಾಯಿ! ಆಮೇಲೆ ಬೇಕಾದ್ರೆ ಊರು ಬರ್ಲಿ!”

ಕ್ಷೌರದಂಗಡಿಯ ಕುರ್ಚಿಯಲ್ಲಿ, ಕತ್ತಿನವರೆಗೂ ಬಿಳಿ ಬಟ್ಟೆ ಹೊದ್ದು, ಅರ್ಧ ಗಲ್ಲಕ್ಕೆ ನೊರೆ ಮೆತ್ತಿಸಿಕೊಂಡು ಇಸೊಬೆಯವರು ಹೀಗೆ ಘೋಷಣೆ ಹೊರಡಿಸಿದರು. ಕತ್ತಿ ಹಿಡಿದವನು ಎರಡು ಹೆಜ್ಜೆ ಹಿಂದೆ ಸರಿದ. ಪಕ್ಕದ ಕುರ್ಚಿಯಲ್ಲಿದ್ದ ನೆರೆಮನೆಯ ಯಮಾವಾಕಿ ಮಾತ್ರ ಕಣ್ಣು ಕೂಡ ತೆರೆಯಲಿಲ್ಲ.

“ನಿಮ್ಮ ನಾಯಿ ಅಂದ್ರೆ ಆ ಕಲಬೆರಕೆನಾ ಇಸೊಬೆ ಸಾನ್? ನಮ್ಮ ಪೂಡಲ್ ನಾಯಿಯ ವಂಶಾವಳಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೀನಿ. ನಿಮ್ಮದಕ್ಕೆ ಅಪ್ಪ ಯಾರು ಅಂತಾದ್ರೂ ಗೊತ್ತಾ?”

“ಗೊತ್ತಿಲ್ಲ! ಅದಕ್ಕೆ ಅಪ್ಪ ಬೇಕು ಅನ್ನಿಸಿದಾಗ ನಾನಿದೀನಿ!”

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಇಸೊಬೆಯವರ ಎದೆ ಹೊದ್ದ ಬಟ್ಟೆಯನ್ನೂ ಎತ್ತಿಕೊಂಡು ಉಬ್ಬಿತು. ಆಡುವುದು ಆಡಿಬಿಟ್ಟರು, ಪಾಪ!

ಜಪಾನಿನ ಶಿಕೊಕು ದ್ವೀಪದ ಆ ಕಡಲ ತಡಿಯ ಊರಿನಲ್ಲಿ ಇಸೊಬೆಯವರು ಗೊತ್ತಿಲ್ಲದವರಿಲ್ಲ. ಜೀವಮಾನವಿಡೀ ಲೋಕಲ್ ರೈಲು ಓಡಿಸಿದವರು. ಅಲ್ಲಿನ ರೈಲಿನವರ ಪದ್ಧತಿ ಒಂದಿದೆ: ಸುಮ್ಮನೆ ನೋಡಿದರೆ ನೋಡಿದಂತಲ್ಲ, ಬೆರಳು ತೋರಿಸಿ, ಬಾಯಿಬಿಟ್ಟು ಹೇಳಬೇಕು. ಸಿಗ್ನಲ್... ಸರಿ! ಬಾಗಿಲು... ಸರಿ! ನಿವೃತ್ತಿಯಾದ ಮೇಲೆ ರೈಲು ಅವರನ್ನು ಬಿಟ್ಟಿತು, ಬೆರಳು ಬಿಡಲಿಲ್ಲ. ಬಿಳಿ ಗ್ಲೌಸು ತೊಟ್ಟೇ ಬೆಳಗಾಗುತ್ತಿತ್ತು. ಗ್ಯಾಸ್... ಸರಿ! ಕಿಟಕಿ... ಸರಿ! ಬೀಗ... ಸರಿ! ಸ್ನಾನದ ನೀರಿಗೂ ಬೆರಳು, ಸಾರಿನ ಉಪ್ಪಿಗೂ ಬೆರಳು.

“ಉಪ್ಪು... ಸರಿ!” ಎಂದು ಅವರು ಬಟ್ಟಲಿಗೆ ಬೆರಳು ನೆಟ್ಟರೆ ಹೆಂಡತಿ ಕಿನುಕೊ, “ಒಂದಿನ ಸರಿ ಇಲ್ಲ ಅಂದು ನೋಡಿ, ಮಾರನೇ ದಿನ ಸಾರೇ ಇರಲ್ಲ!” ಅನ್ನುತ್ತಿದ್ದಳು.

ಹೀಗಿರುವ ಮನೆಗೆ ಬಂದದ್ದು ಗೊಮಾ. ಗೊಮಾ ಅಂದರೆ ಎಳ್ಳು. ಬೆಳ್ಳನೆ ಮೈಮೇಲೆ ಯಾರೋ ಕರಿಎಳ್ಳು ಚೆಲ್ಲಿ ಗುಡಿಸುವುದನ್ನೇ ಮರೆತಂತೆ ಚುಕ್ಕೆಗಳು. ಕಿವಿ ಚಿಹುವಾಹುವಾ ಜಾತಿಯದು, ಗೇಣುದ್ದದ ಕಾಲು ಡ್ಯಾಷ್‌ಹುಂಡಿನದು, ಬಾಲ ಯಾರದೋ ಆ ದೇವರಿಗೇ ಗೊತ್ತು! ಒಟ್ಟು ತೂಕ ಒಂದು ಕಲ್ಲಂಗಡಿಯಷ್ಟು. ಬೀದಿಪಾಲಾದ ನಾಯಿಗಳನ್ನು ಸಾಕಿ ಮನೆ ಹುಡುಕಿಕೊಡುವ ಮಿಜೊಬುಚಿ ಎಂಬ ಹೆಂಗಸು ಅದನ್ನು ತಂದುಬಿಟ್ಟಿದ್ದಳು. ಪೂರ್ತಿ ಕೊಟ್ಟಿರಲಿಲ್ಲ, ಟ್ರಯಲ್ ಮೇಲೆ ಬಿಟ್ಟಿದ್ದಳು ಅಷ್ಟೇ.

“ನೋಡಿ ಇಸೊಬೆ ಸಾನ್, ತಪ್ಪು ತಿಳ್ಕೋಬೇಡಿ,” ಎಂದು ಆಕೆ ಮೊದಲೇ ಹೇಳಿದ್ದಳು. “ನಿಮಗೂ ವಯಸ್ಸಾಯ್ತು. ನಾಳೆ ನೆಲ ನಡುಗಿ ಸಮುದ್ರ ಊರೊಳಗೆ ಬಂದ್ರೆ ನಿಮ್ಮನ್ನ ನೀವೇ ಎಳ್ಕೊಂಡು ಹೋಗೋದು ಕಷ್ಟ, ಇನ್ನು ನಾಯೀನ ಹೇಗೆ ಕರ್ಕೊಂಡು ಹೋಗ್ತೀರಿ? ಭಾನುವಾರ ಊರಿನ ಕವಾಯತು ಇದೆ. ಅಲೆಯಿಂದ ತಪ್ಪಿಸ್ಕೊಳ್ಳೋಕೆ ಕಟ್ಟಿರೋ ಗೋಪುರದ ಮೇಲೆ ನಾನು ನಿಂತಿರ್ತೀನಿ. ಗೊಮಾನ ಸಲೀಸಾಗಿ ಕರ್ಕೊಂಡು ಬಂದ್ರೆ ಅದು ನಿಮ್ಮದು. ಇಲ್ದಿದ್ರೆ ಬೇರೆ ಮನೆ ನೋಡ್ತೀನಿ.”

“ಅರ್ಧ ನಿಮಿಷ ತಡವಾಗಿ ಸ್ಟೇಷನ್ ಬಿಟ್ಟವನಲ್ಲ ನಾನು!” ಎಂದು ಇಸೊಬೆಯವರು ಗುಡುಗಿದ್ದರು. ಗೊಮಾ ಆ ಗುಡುಗಿಗೆ ಹೆದರಿ ಕಾಲು ಕಾಯಿಸುವ ಮೇಜಿನ ಕೆಳಗೆ ನುಗ್ಗಿದ್ದು, ಮೂರು ಹೊತ್ತು ಹೊರಗೆ ಬರಲಿಲ್ಲ.

ಕರೆದರು, ಬರಲಿಲ್ಲ. ಕಿನುಕೊ ಬೇಯಿಸಿದ ಗೆಣಸು ತೋರಿಸಿದಳು, ಮೂಗು ಮಾತ್ರ ಹೊರಗೆ ಬಂತು. ಇಸೊಬೆಯವರು ನೆಲದ ಮೇಲೆ ಬೋರಲು ಬಿದ್ದು ರೈಲಿನ ಸಿಳ್ಳೆ ಹಾಕಿದರು, ಮೂಗೂ ಒಳಗೆ ಹೋಯಿತು!

“ನಿಮ್ಮನ್ನ ನೋಡಿ ಹೆದರದೆ ಇದ್ದವಳು ಊರಲ್ಲಿ ನಾನೊಬ್ಬಳೇ ಕಣ್ರೀ. ಅದೂ ಕಣ್ಣು ಸರಿ ಇಲ್ಲದ ಕಾಲದಲ್ಲಿ!” ಅಂದಳು ಕಿನುಕೊ.

ಆದರೆ ಮಾರನೇ ಬೆಳಿಗ್ಗೆ ಇಸೊಬೆಯವರು ಎಂದಿನಂತೆ ಗ್ಲೌಸು ತೊಟ್ಟು ಒಲೆಯ ಮುಂದೆ ನಿಂತು, “ಗ್ಯಾಸ್... ಸರಿ!” ಅಂದಾಗ ಹಿಂದೆ ಉಗುರಿನ ಟಕಟಕ ಸದ್ದು. ತಿರುಗಿದರೆ ಗೊಮಾ! ತಲೆ ಓರೆ ಮಾಡಿಕೊಂಡು ಬಿಳಿ ಬೆರಳನ್ನೇ ನೋಡುತ್ತಿದೆ. ಕಿಟಕಿಗೆ ಹೋದರೆ ಕಿಟಕಿಗೆ ಬಂತು, ಬೀಗಕ್ಕೆ ಹೋದರೆ ಬೀಗಕ್ಕೆ ಬಂತು. ನಾಲ್ಕನೇ ದಿನಕ್ಕೆ ಇವರಿಗಿಂತ ಮೊದಲೇ ಓಡಿಹೋಗಿ ಒಲೆಯ ಮುಂದೆ ಕೂತು ಮೊದಲು ಒಲೆ ನೋಡುವುದು, ಆಮೇಲೆ ಬೆರಳು ನೋಡುವುದು. ‘ಸರಿ’ ಅನ್ನಿಸಿಕೊಳ್ಳದೆ ಅಲ್ಲಾಡುತ್ತಿರಲಿಲ್ಲ. ವಾಕಿಂಗಿನಲ್ಲೂ ಅದೇ ಕಥೆ. ಗೇಟು, ಅಂಚೆ ಡಬ್ಬಿ, ತಂಪು ಪಾನೀಯದ ಯಂತ್ರ, ರೈಲ್ವೆ ಗೇಟು... ಒಂದೊಂದಕ್ಕೂ ಬೆರಳು, ಒಂದೊಂದಕ್ಕೂ ಗೊಮಾನ ಕುಳಿತ ಸಲಾಮು.

ಇಸೊಬೆಯವರಿಗೆ ಕೊಂಬು ಮೂಡಿದ್ದು ಆಗ! “ಈ ನಾಯಿಯ ಮೈಯಲ್ಲಿ ರೈಲ್ವೆ ರಕ್ತ ಹರೀತಿದೆ ಕಣೇ! ಎರಡು ವರ್ಷ ತರಬೇತಿ ಕೊಟ್ಟ ಹುಡುಗರಿಗೆ ಬರದೆ ಇದ್ದದ್ದು ಇದಕ್ಕೆ ನಾಲ್ಕು ದಿನದಲ್ಲಿ ಬಂತು! ಯಾರು ಕಲಿಸಿದ್ದು?”

“ನೀವೇ ಬಿಡಿ. ಈಗ ಬೆರಳು ಇಳಿಸಿ ಊಟ ಮಾಡಿ,” ಅಂದಳು ಕಿನುಕೊ. ಆದರೆ ಅವಳೂ ಗೊಮಾನಿಗೆ ಹಳೇ ಸ್ವೆಟರಿನ ತೋಳು ಕತ್ತರಿಸಿ ಅಂಗಿ ಹೊಲಿಯುತ್ತ ಕೂತಿದ್ದಳು. ಟ್ರಯಲ್ ಮೇಲಿರುವ ನಾಯಿಗೆ ಯಾರಾದರೂ ಚಳಿಗಾಲದ ಅಂಗಿ ಹೊಲಿಯುತ್ತಾರಾ? ವಾಪಸು ಕೊಡಬೇಕಾಗಿ ಬಂದರೆ ಅವಳ ಗತಿ ಏನಾಗುತ್ತದೆಂದು ಇಸೊಬೆಯವರು ಯೋಚಿಸಿದರು. ತಮ್ಮ ಗತಿಯ ಬಗ್ಗೆ ಯೋಚಿಸುವ ಧೈರ್ಯ ಅವರಿಗೆ ಬರಲಿಲ್ಲ.

ಭಾನುವಾರ ಬಂತು. ಇಸೊಬೆಯವರು ತಿಂಡಿ ಮುಗಿಸಿದವರೇ ಶೂ ಬಿಗಿದು, ಲೇಸಿಗೆ ಎರಡು ಗಂಟು ಹಾಕಿ, ಬೆನ್ನಿಗೆ ತುರ್ತು ಚೀಲ ಏರಿಸಿ, ಒಂದು ಕೈಯಲ್ಲಿ ಗೊಮಾನ ಹಗ್ಗ ಹಿಡಿದು ಬಾಗಿಲ ಬಳಿ ಹೊರಡುವ ರೈಲಿನಂತೆ ನಿಂತರು. ಕಿನುಕೊ ಮಧ್ಯಾಹ್ನಕ್ಕೆಂದು ಒಲೆಯ ಮೇಲೆ ಮೀನಿನ ಸಾರಿಗೆ ಇಟ್ಟಿದ್ದಳು.

ಸೈರನ್ ಕೂಗಿತು! ಕಂಬದ ಧ್ವನಿವರ್ಧಕ ಅರಚಿತು: “ಭೂಕಂಪ! ಭೂಕಂಪ! ಇದು ಕವಾಯತು! ಒಲೆ ಆರಿಸಿ! ಎತ್ತರಕ್ಕೆ ಓಡಿ!”

“ನಾನು ಮುಂದೆ ಹೋಗಿರ್ತೀನಿ, ನೀವು ನಿಮ್ಮ ಬೆರಳಿನ ಪೂಜೆ ಮುಗಿಸಿ ಬನ್ನಿ!” ಎಂದು ಕಿನುಕೊ ಓಡಿದಳು. ಅವಳ ತಪ್ಪಿಲ್ಲ ಬಿಡಿ. ಆ ಮನೆಯಲ್ಲಿ ಗ್ಯಾಸ್ ಖಾತೆ ಎಂದಿನಿಂದಲೂ ಇಸೊಬೆಯವರದು.

ಇತ್ತ ಇಸೊಬೆಯವರ ಕಾಲಲ್ಲಿ ಎರಡು ಗಂಟಿನ ಶೂ. ಶೂ ಹಾಕಿಕೊಂಡು ಚಾಪೆ ಹಾಸಿದ ಮನೆಯೊಳಗೆ ಕಾಲಿಡುವುದುಂಟೆ! ಬಿಚ್ಚಿ ಕಟ್ಟುವಷ್ಟರಲ್ಲಿ ಯಮಾವಾಕಿ ಗೋಪುರದಲ್ಲಿ ಇರುತ್ತಾನೆ. ಬಾಗಿಲಲ್ಲೇ ನಿಂತು, ಅಡುಗೆಮನೆಯ ಗೋಡೆಯ ಕಡೆಗೆ ಬೆರಳು ಚಾಚಿ ಒಂದೇ ಉಸಿರಿನಲ್ಲಿ, “ಗ್ಯಾಸ್ ಸರಿ ಕಿಟಕಿ ಸರಿ ಬೀಗ ಸರಿ!” ಎಂದು ಒದರಿ ಹಗ್ಗ ಜಗ್ಗಿದರು.

ಗೊಮಾ ಅಲ್ಲಾಡಲಿಲ್ಲ! ಇನ್ನೊಮ್ಮೆ ಜಗ್ಗಿದರು. ಅದು ಕತ್ತು ಕುಗ್ಗಿಸಿ, ಪಟ್ಟಿಯಿಂದ ತಲೆ ಜಾರಿಸಿಕೊಂಡು ಸೀದಾ ಒಳಗೆ ಓಡಿತು. “ಗೊಮಾ! ಬಾರೋ! ಮಾನ ಹೋಗತ್ತೆ ಬಾರೋ!” ಒಳಗಿನಿಂದ ಒಂದೇ ಒಂದು ಬೊಗಳಿಕೆ ಕೇಳಿಸಿತು.

ಇಸೊಬೆಯವರು ಏನು ಮಾಡಿದರು ಗೊತ್ತೆ? ಮಂಡಿಯೂರಿ, ಶೂ ಹಾಕಿದ ಎರಡೂ ಪಾದಗಳನ್ನು ಮೇಲಕ್ಕೆತ್ತಿ, ಬೆನ್ನ ಮೇಲೆ ಚೀಲ ಹೊತ್ತು, ಅಂಬೆಗಾಲಿಡುತ್ತ ಹೊರಟರು. ಸಿಗ್ನಲ್ ದಾಟಿಸಿದ ಮಹಾನುಭಾವರು ಚಾಪೆ ದಾಟುವ ದೃಶ್ಯ! ಅಡುಗೆಮನೆಗೆ ಹೋಗಿ ನೋಡಿದರೆ ಗೊಮಾ ಒಲೆಯ ಮುಂದೆ ಕೂತಿದೆ. ಒಲೆ ನೋಡುತ್ತದೆ, ಬೆರಳು ನೋಡುತ್ತದೆ.

ಇಸೊಬೆಯವರೂ ಒಲೆ ನೋಡಿದರು. ನೀಲಿ ಜ್ವಾಲೆ ಉರಿಯುತ್ತಿತ್ತು. ಸಾರು ಅರ್ಧಕ್ಕಿಳಿದು ಕೊತಕೊತ ಕುದಿಯುತ್ತಿತ್ತು.

ಸದ್ದಿಲ್ಲದೆ ಆರಿಸಿದರು. ಸುತ್ತ ನೋಡಿದರು, ಸದ್ಯ, ಯಾರೂ ಇಲ್ಲ! “ಇದು ನಮ್ಮಿಬ್ಬರಲ್ಲೇ ಇರ್ಲಿ ಮಾರಾಯ,” ಎಂದು ಗೊಮಾನ ಕಿವಿಯಲ್ಲಿ ಹೇಳಿ, ಮೆಲ್ಲಗೆ ಬೆರಳು ತೋರಿಸಿದರು. “ಗ್ಯಾಸ್... ಸರಿ.” ಗೊಮಾ ತೃಪ್ತಿಯಿಂದ ಎದ್ದು ಕಿಟಕಿಗೆ ಹೋಯಿತು.

ಮುಂದಿನದು ರೈಲ್ವೆ ಇತಿಹಾಸದಲ್ಲೇ ನಡೆಯದ ವಿಳಂಬ! ಮತ್ತೆ ಪಟ್ಟಿ ತೊಡಿಸಿಕೊಂಡ ಗೊಮಾ ಗೇಟಿಗೆ ಕೂತಿತು, ಬೆರಳು ಬೇಕು. ಅಂಚೆ ಡಬ್ಬಿಗೆ ಕೂತಿತು, ಬೆರಳು ಬೇಕು. ಎತ್ತಿಕೊಂಡು ಓಡೋಣವೆಂದರೆ ಮೀನಿನಂತೆ ಒದ್ದಾಡಿ ಊಳಿಡುತ್ತದೆ. ಮೇಲೆ ಮಿಜೊಬುಚಿ ಕೈಕಟ್ಟಿ ನಿಂತು ನೋಡುತ್ತಿರುವಾಗ ಕಿರುಚುವ ನಾಯಿಯನ್ನು ಕಂಕುಳಲ್ಲಿ ಹಿಸುಕಿಕೊಂಡು ಹೋಗಲಾದೀತೆ? ಇಳಿಸಿದರು, ಬೆರಳು ತೋರಿಸಿದರು. ಶಿಶುವಿಹಾರದ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಹಾಡುತ್ತ ದಾಟಿಹೋದವು. ಮೂಲೆಮನೆಯ ಅಜ್ಜಿ ಗಾಲಿಯ ಊರುಗೋಲು ತಳ್ಳಿಕೊಂಡು ಹಿಂದಿನಿಂದ ಬಂದವಳು, “ಪಕ್ಕಕ್ಕೆ ಸರಿಯಪ್ಪಾ ಇಸೊಬೆ, ಎಕ್ಸ್‌ಪ್ರೆಸ್ ಬರ್ತಿದೆ!” ಎಂದು ದಾಟಿಯೇ ಹೋದಳು!

ಗೋಪುರದ ತುದಿಗೆ ಇಸೊಬೆಯವರು ಕಾಲಿಟ್ಟಾಗ ಊರಿಗೆ ಊರೇ ಅಲ್ಲಿ ಕೂತು ಚಹಾ ಕುಡಿಯುತ್ತಿತ್ತು.

“ಬಂದೇಬಿಟ್ರು!” ಪೂಡಲನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಯಮಾವಾಕಿ ಎದ್ದುನಿಂತ. “ಇಸೊಬೆ ಸಾನ್, ಇದು ಗೂಡ್ಸ್ ಗಾಡಿನಾ? ಅಥವಾ ನಿಮ್ಮ ನಾಯಿಯ ಅಪ್ಪ ಆಮೆ ಇದ್ದಿರಬಹುದಾ?”

ಹೊಟ್ಟೆ ಹಿಡಿದುಕೊಂಡು ನಕ್ಕರು ಜನ. ನಗದವರು ಇಬ್ಬರೇ. ಒಬ್ಬಳು ಕಿನುಕೊ, ಇನ್ನೊಬ್ಬಳು ಮಿಜೊಬುಚಿ.

“ಹೇಳೋಕೆ ನಂಗೂ ಬೇಜಾರೇ,” ಅಂದಳು ಮಿಜೊಬುಚಿ. “ಆದ್ರೆ ಹೇಳಿದ ಮಾತೇ ಕೇಳದ ನಾಯಿ, ಇಷ್ಟು ತಡ... ನಿಜವಾದ ಅಲೆ ಕಾಯುತ್ತಾ? ಹಗ್ಗ ಇಲ್ಲಿ ಕೊಡಿ.”

ಗೊಮಾ ಇಸೊಬೆಯವರ ಶೂ ಮೇಲೆ ಕೂತು ಬೆರಳನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತದೆ, ನಾಯಿ ಹೋಗುತ್ತದೆ. ಬಾಯಿ ಬಿಟ್ಟರೆ? ಜೀವಮಾನದ ಬಿಳಿ ಗ್ಲೌಸಿಗೆ ಮಸಿ!

ಅವರು ಗ್ಲೌಸು ಕಿತ್ತು ಜೇಬಿಗಿಟ್ಟರು.

“ಕೊಡಲ್ಲ!” ಎಂದು ಗೋಪುರ ಅದುರುವಂತೆ ಅಂದರು. “ಎಲ್ರೂ ಕೇಳಿ! ಮೈಕಿನವನು ಮೊದಲು ಹೇಳಿದ್ದೇನು? ಒಲೆ ಆರಿಸಿ ಅಂತ. ನಾನು ಬಾಗಿಲಲ್ಲೇ ನಿಂತು ಗೋಡೆಗೆ ಬೆರಳು ತೋರಿಸಿ ಸರಿ ಅಂದೆ. ಸರಿ ಇರ್ಲಿಲ್ಲ! ಒಲೆ ಉರೀತಿತ್ತು! ಬೆರಳು ತೋರಿಸಿದವನು ನಾನು, ನೋಡಿದ್ದು ಇದು! ಈ ಕಲಬೆರಕೆ ವಾಪಸು ಓಡಿಹೋಗಿ ಕೂರದೆ ಇದ್ದಿದ್ರೆ ನಮ್ಮ ಮನೆ, ಪಕ್ಕದ ಯಮಾವಾಕಿ ಮನೆ, ಅವರ ಗೋಡೆಯ ವಂಶಾವಳಿ, ಎಲ್ಲಾ ಬೂದಿ! ದಾರೀಲಿ ತಡ ಆಗಿದ್ದೂ ಅಷ್ಟೇ, ಕಲಿಸಿದ್ದು ನಾನು. ಹೇಳಿಕೊಟ್ಟಿದ್ದನ್ನ ಚಾಚೂ ತಪ್ಪದೆ ಮಾಡಿದ್ದಕ್ಕೆ ಇದನ್ನ ಬೇರೆ ಮನೆಗೆ ಕಳಿಸ್ತೀರಾ? ಊರಿಗೆಲ್ಲಾ ಕವಾಯತು ಸರಿಯಾಗಿ ಮಾಡಿದ್ದು ಇದೊಂದೇ!”

ಯಾರೂ ನಗಲಿಲ್ಲ. ಯಮಾವಾಕಿಯ ಮುಖ ಯಾಕೋ ಬಿಳುಚಿಕೊಂಡಿತು.

“ಕಡುಬು...” ಅಂದ ಮೆಲ್ಲಗೆ.

“ಏನು ಕಡುಬು?”

“ಬೇಯೋಕೆ ಇಟ್ಟು ಬಂದಿದೀನಿ!” ಎಂದವನೇ ವಂಶಾವಳಿಯ ಪೂಡಲನ್ನು ಅಜ್ಜಿಯ ಮಡಿಲಿಗೆ ಹಾಕಿ ಮೆಟ್ಟಿಲು ಇಳಿದು ಓಡಿದ. ಅವನ ಹಿಂದೆ ಕ್ಷೌರದಂಗಡಿಯವನು ಎದ್ದ, “ಬಿಸಿನೀರು!” ಶಿಶುವಿಹಾರದ ಟೀಚರು ಎದ್ದಳು, “ಅಯ್ಯೋ, ಹುರುಳಿ!” ಒಬ್ಬರಾದ ಮೇಲೊಬ್ಬರು, ದಡದಡದಡ! ಕವಾಯತಿನ ಅಧಿಕಾರಿ, “ಸುನಾಮಿ ಬರ್ತಿದೆ, ಕೆಳಗೆ ಇಳೀಬೇಡಿ! ಇಳೀಬೇಡಿ ಅಂದ್ರೆ!” ಎಂದು ಅರಚಿ ಅರಚಿ, ನಡುವೆ ತಟ್ಟನೆ ನಿಂತು, ತಲೆ ಮೇಲೆ ಕೈಯಿಟ್ಟುಕೊಂಡು ತಾನೂ ಇಳಿದು ಓಡಿದ!

ನೋಡುನೋಡುತ್ತಿದ್ದಂತೆ ಗೋಪುರ ಖಾಲಿ. ಉಳಿದವರು ಹಳದಿ ಟೋಪಿಯ ಮಕ್ಕಳು, ಮಡಿಲಲ್ಲಿ ಪೂಡಲ್ ಹೊತ್ತು ಕೂತ ಅಜ್ಜಿ, ಮಿಜೊಬುಚಿ, ಮತ್ತು ಗೊಮಾನ ಸಂಸಾರ. ಕಿನುಕೊ ಗೊಮಾನನ್ನು ಎತ್ತಿ ಎದೆಗವಚಿಕೊಂಡಳು. ಇಸೊಬೆಯವರು ಊರಿನ ಉದ್ದಗಲಕ್ಕೂ ಓಡುತ್ತಿದ್ದ ಜನರನ್ನು ನೋಡಿ ಎದೆ ಉಬ್ಬಿಸಿದರು. ಈ ಸಲ ನಾಯಿಯ ಲೆಕ್ಕದಲ್ಲಿ.

ಮಿಜೊಬುಚಿ ಸೆರಗಿಲ್ಲದ್ದಕ್ಕೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಆಯ್ತು. ಗೊಮಾ ಪಾಸು. ಇವತ್ತಿಂದ ಅದು ನಿಮ್ಮ ಮನೇದೇ.”

“ನಾನು ಹೇಳಿದ್ನಲ್ಲ, ರೈಲ್ವೆ ರಕ್ತ!”

“ಇರಿ ಇರಿ, ಮುಗಿದಿಲ್ಲ. ಅಲೆ ಅಂಚೆ ಡಬ್ಬಿ ಹತ್ರ ಕಾಯಲ್ಲ. ಇನ್ನೆರಡು ವಾರ ದಿನಾ ಗೋಪುರದವರೆಗೂ ನಡೀಬೇಕು, ದಾರಿಯುದ್ದಕ್ಕೂ ಕೈ ಜೇಬಿನಲ್ಲೇ. ಬೆರಳು ಹೊರಗೆ ಬಂತೋ, ಫೇಲು! ಟ್ರಯಲ್ ಮುಂದುವರಿಸ್ತಿದೀನಿ.”

ಇಸೊಬೆಯವರು ತಬ್ಬಿಬ್ಬಾದರು. “ಗೊಮಾ ಪಾಸಾಯ್ತು ಅಂದ್ರಲ್ಲ? ಮತ್ತೆ ಯಾರ ಟ್ರಯಲ್?”

ಮಿಜೊಬುಚಿ ಬಾಯಿ ತೆರೆಯುವ ಮೊದಲೇ ಕಿನುಕೊ ಗೊಮಾನ ಎಳ್ಳುಚುಕ್ಕೆಯ ಪುಟ್ಟ ಮುಂಗಾಲು ಹಿಡಿದೆತ್ತಿ, ಗಂಡನ ಮೂಗಿನ ನೇರಕ್ಕೆ ಚಾಚಿದಳು.

“ಯಜಮಾನ್ರು... ನೋಡೋಣ!”